ಇವತ್ತು ಯಾವ ವಾರ

ಜೋಂಬಾ ಬೆಟ್ಟ ಆ ರಾತ್ರಿ
ಕೆಸರಾಗಿ ಇಳಿದು ಬಂತು.
ಬೆಳಗ್ಗೆ ನಾನು, ಸಂಖ್ಯಾಶಾಸ್ತ್ರದ ಮೇಡಂ,
ತಡಾಲಾ ಲಿಕೊಂಗ್ವೆ,
ಬಲಗೈಯಲ್ಲಿ ಅಡುಗೆಮನೆಯ ನೀರು ಮೊಗೆದು ಚೆಲ್ಲುತ್ತ
ಎಡಗೈಯಲ್ಲಿ ಒಂದು ಸುತ್ತೋಲೆ ಕಳಿಸಿದೆ:

'ಚಂಡಮಾರುತದ ಪ್ರಯುಕ್ತ
ಎರಡನೇ ವರ್ಷದವರಿಗೆ ಈ ಮೂಲಕ ತಿಳಿಸುವುದೇನೆಂದರೆ
ಅಸೈನ್‌ಮೆಂಟಿನ ಗಡುವನ್ನು
ಶುಕ್ರವಾರದವರೆಗೆ ವಿಸ್ತರಿಸಲಾಗಿದೆ.'

ವಿಸ್ತರಿಸಲಾಗಿದೆ.
ಯಾರು ವಿಸ್ತರಿಸಿದ್ದು?
ಮನೆ ಬೀಗ ಹಾಕಿ ಹಿತ್ತಲಿಂದ ಜಾರಿಕೊಂಡವರ ವಾಕ್ಯ ಅದು.
ಆದರೂ ಎಂಥ ಉದಾರಿ ನಾನು ಅಂದುಕೊಂಡು
ಚಹಾ ಕುಡಿದೆ.

ಮೂರು ದಿನ ಒಬ್ಬರೂ ಓಗೊಡಲಿಲ್ಲ.
ನಾಲ್ಕನೆಯ ಸಂಜೆ
ಜನ ಕಿಕ್ಕಿರಿದ ಪ್ರಾಥಮಿಕ ಶಾಲೆಯಿಂದ,
ಯಾರದೋ ಫೋನಿನಿಂದ, ಅಸಿಯಾತು:
'ಮೇಡಂ, ಇವತ್ತು ಯಾವ ವಾರ?'

ಹತ್ತೊಂಬತ್ತು ವರ್ಷ ಸರಾಸರಿ ಕಲಿಸಿದವಳು.
ಸರಾಸರಿ ಮೊಣಕಾಲುದ್ದದ ಹೊಳೆಯಲ್ಲಿ
ಮುಳುಗಿ ಸತ್ತವನ ಜೋಕು
ಪ್ರತಿ ಜೂನಿನಲ್ಲೂ ಹೇಳಿ ನಗಿಸಿದವಳು.
ಅದನ್ನಿನ್ನು ಹೇಳಲಾರೆ.

ಹಾಜರಿ ಪುಸ್ತಕ ಬಿಚ್ಚಿ ಕೂತೆ. ನಲವತ್ತೊಂದು ಹೆಸರು.
ನಾನು ಬರೆದದ್ದು ಒಬ್ಬ ಸರಾಸರಿ ವಿದ್ಯಾರ್ಥಿಗೆ,
ಆ ವಿಳಾಸದಲ್ಲಿ ಯಾರೂ ವಾಸವಿಲ್ಲ.

ನಮ್ಮಲ್ಲೊಂದು ಮಾತಿದೆ: ಪೆಪಾನಿ.
ಕಾಲು ಎಡವಿದವರಿಗೂ ಅದೇ, ಸಾವಿನ ಮನೆಯಲ್ಲೂ ಅದೇ,
ತಪ್ಪಾಯಿತು ಅನ್ನುವುದಕ್ಕೂ ಅದೇ.
ಸುತ್ತೋಲೆಯಲ್ಲಿ ಅದಕ್ಕೆ ಜಾಗ ಕೊಟ್ಟಿರಲಿಲ್ಲ.
ಅಸಿಯಾತುಗೆ ಅದನ್ನೇ ಮೊದಲು ಬರೆದೆ. ಆಮೇಲೆ:
ಇವತ್ತು ಮಂಗಳವಾರ.
ಇಫ್ತಾರಿಗೆ ಏನಾದರೂ ಸಿಕ್ಕಿತಾ?

ವೇಜಿ ಉತ್ತರದ ಹುಡುಗ, ಮನೆಮಾತು ತುಂಬುಕಾ.
ಪಕ್ಕದ ಮನೆಯವರನ್ನು ಕೇಳಿ ಎರಡೇ ಪದ ಕಲಿತೆ,
ಮ್ವಾವುಕಾ ಉಲಿ, ಹೇಗೆ ಎದ್ದಿರಿ ಅಂತ.
ಬಹಳ ಹೊತ್ತಿನ ಮೇಲೆ ಬಂತು:
'ನಮ್ಮವರಿಗೆ ಏನೂ ಆಗಿಲ್ಲ ಮೇಡಂ.
ಹಾಸ್ಟೆಲಿನಲ್ಲಿ ಅದನ್ನು ಹೇಳಲು ನಾಚಿಕೆ.'

ಯಾಮಿಕಾನಿಗೆ ಬರೆದೆ, ಅಸೈನ್‌ಮೆಂಟ್ ಬಿಟ್ಟುಬಿಡು.
ಬೈದ ಹಾಗೇ ಬಂತು ಉತ್ತರ:
'ದಯವಿಟ್ಟು ಬಿಡಿಸಬೇಡಿ.
ನನ್ನದು ಅಂತ ಉಳಿದಿರುವುದು
ಆ ನಾಲ್ಕು ಲೆಕ್ಕ.'

ನನಗೆ ಗೊತ್ತಿಲ್ಲದ್ದನ್ನೇ
ನಾನು ದಯೆ ಅಂತ ಹಂಚುತ್ತಿದ್ದೆನೆ?

ಜಲೇಕಾ ಶಿಬಿರದ ಬಹಾತಿ,
ಒಂಬತ್ತರಲ್ಲಿ ಅಮ್ಮನ ಬೆನ್ನ ಹಿಂದೆ
ಕಾಂಗೋ ದಾಟಿ ನಡೆದವನು,
ನಾನು ಬಾಯಿ ತೆರೆಯುವ ಮೊದಲೇ ಕೇಳಿದ:
'ನೀವು ಊಟ ಮಾಡಿದಿರಾ?'
ಬಕೆಟ್ಟು ಕೆಳಗಿಟ್ಟು
ಅಷ್ಟು ದಿನದಲ್ಲಿ ಮೊದಲ ಸಲ ಅತ್ತೆ.
ಇಲ್ಲ ಅಂತಲೇ ಬರೆದೆ.

ಲಿಂಬಾನಿ ಮಾತ್ರ ನಡೆದೇ ಬಂದ,
ಬಟ್ಟೆಗೆಲ್ಲ ಬೆಟ್ಟದ ಮಣ್ಣು.
ವ್ಯಾನು ಊರೆಲ್ಲ ಸುತ್ತಿ ಮೈಕಿನಲ್ಲಿ ಕೂಗಿತ್ತು,
ಎಲ್ಲಿ ಅನ್ನ, ಎಲ್ಲಿ ಕುಡಿಯುವ ನೀರು, ಯಾವ ಸೇತುವೆ ಇಲ್ಲ.
ಕಿವಿ ಕೇಳದ ಹುಡುಗ
ವ್ಯಾನು ಹೋದದ್ದನ್ನಷ್ಟೇ ನೋಡಿದ್ದ.
ಕರೆಂಟಿಲ್ಲ. ನಾನು ಮಾತಾಡಿದೆ, ಅವನು ತಲೆ ಅಲ್ಲಾಡಿಸಿದ.
ಜೋರಾಗಿ ಹೇಳಿದೆ, ಮತ್ತೂ ಜೋರಾಗಿ, ಪೆದ್ದಿ.
ಕೊನೆಗೆ ಅವನೇ ಎದ್ದು
ಮೇಜಿನ ಮೇಲಿದ್ದ ಮೇಣದಬತ್ತಿ ತಂದು
ನನ್ನ ತುಟಿಯ ಹತ್ತಿರ ಹಿಡಿದ.

ಆ ಬಿಸಿ ಗಲ್ಲಕ್ಕೆ ತಾಕುತ್ತಿತ್ತು.
ಒಂದೊಂದೇ ಪದ ಆರಿಸಿ ಆಡಿದೆ,
ಹುಸಿಯಾದದ್ದೇನಾದರೂ ಆಡಿದರೆ
ಉರಿ ಅಲುಗಿ ಗೊತ್ತಾಗಿಬಿಡುತ್ತೆ ಅನ್ನುವ ಹಾಗೆ.

ಕ್ಲಾಸು ಮತ್ತೆ ಶುರುವಾದ ದಿನ
ಯಾಮಿಕಾನಿಯ ನಾಲ್ಕು ಲೆಕ್ಕ ಬಂತು,
ಶಾಯಿ ಕದಡಿದ ಹಾಳೆ. ಮೂರನೆಯದು ತಪ್ಪು.
ತಪ್ಪು ಅಂತಲೇ ಗುರುತು ಹಾಕಿದೆ,
ಅವನಿಗೆ ಹಿಡಿಸಿತು.

ಅತುಪೆಲೆಯ ಫೋನು ಇನ್ನೂ ಹತ್ತುತ್ತಿಲ್ಲ.
ದಿನಾ ಸಂಜೆ ಒಂದು ಸಾಲು ಕಳಿಸುತ್ತೇನೆ,
ಇವತ್ತು ಗುರುವಾರ. ಇವತ್ತು ಶುಕ್ರವಾರ.
ಉತ್ತರ ಬೇಡ.
ಹಾಜರಿಯಲ್ಲಿ ಅವಳ ಹೆಸರು ಕರೆದು
ಸ್ವಲ್ಪ ಹೊತ್ತು ನಿಲ್ಲುತ್ತೇನೆ,
ಕಿಟಕಿ ಪಕ್ಕದವರು ಆಗ
ಬೆಂಚಿನಲ್ಲಿ ಒಂಚೂರು ಸರಿದು ಕೂರುತ್ತಾರೆ.